ಬಂಡವಾಳ ಯಾರ ಮನೆಯ ಕದ ತಟ್ಟುತ್ತದೆ?

ನಾವು ಹುಟ್ಟಿ ಬೆಳೆದ ಬೀದಿಯಲ್ಲಿ ಬೀಡಿ ಕಟ್ಟದ ಮನೆ ಇರಲಿಲ್ಲ. ಮಧ್ಯಾಹ್ನದ ಊಟ ಮುಗಿದದ್ದೇ ತಡ, ಹೆಂಗಸರು ತೊಡೆಯ ಮೇಲೆ ಮೊರವಿಟ್ಟುಕೊಂಡು ಜಗಲಿಗೆ ಬಂದು ಕೂರುತ್ತಿದ್ದರು. ಎಲೆ ಕಂಪನಿಯದು, ತಂಬಾಕು ಕಂಪನಿಯದು, ದಾರವೂ ಕಂಪನಿಯದೇ. ಬೆರಳುಗಳು ಮಾತ್ರ ಇವರವು. ಉರ್ದು ಶಾಲೆಯಿಂದ ಮನೆಗೆ ಬರುತ್ತಾ ನಾವು ಒಮ್ಮೆ ಪಕ್ಕದ ಮನೆಯ ಖಾಲಾರನ್ನು ಕೇಳಿದ್ದೆವು: "ಖಾಲಾ, ಈ ಕಂಪನಿಯವರು ಅಷ್ಟು ದೂರದಿಂದ ನಮ್ಮ ಬೀದಿಗೇ ಯಾಕೆ ಬಂದರು?" ಖಾಲಾ ಕೈಯಲ್ಲಿದ್ದ ಕತ್ತರಿಯನ್ನು ಕೆಳಗಿಡದೆಯೇ ಹೇಳಿದರು: "ಬಡವರು ಇರುವ ಜಾಗ ಹುಡುಕಿಕೊಂಡು ಬರುತ್ತಾರೆ ಬೇಟಾ. ನಮ್ಮಷ್ಟು ಅಗ್ಗ ಅವರಿಗೆ ಇನ್ನೆಲ್ಲಿ ಸಿಗುತ್ತೆ?"

ಈಗ ಪತ್ರಿಕೆ ತೆರೆದರೆ ದಿನಕ್ಕೊಂದು ಸುದ್ದಿ. ಯಾವುದೋ ದೇಶದ ಕಂಪನಿ ನಮ್ಮಲ್ಲಿ ಇಷ್ಟು ಸಾವಿರ ಕೋಟಿ ಹೂಡುತ್ತದಂತೆ. ಮುಖ್ಯಮಂತ್ರಿಗಳು ವಿದೇಶಕ್ಕೆ ಹೋಗಿ ಬರುತ್ತಾರೆ, ಒಪ್ಪಂದಗಳಿಗೆ ಸಹಿ ಬೀಳುತ್ತದೆ. ಒಂದು ರಾಜ್ಯ ಭೂಮಿ ಅಗ್ಗಕ್ಕೆ ಕೊಟ್ಟರೆ ಇನ್ನೊಂದು ರಾಜ್ಯ ತೆರಿಗೆ ಮನ್ನಾ ಮಾಡುತ್ತದೆ. ಇದೆಲ್ಲವನ್ನು ಓದುವಾಗ ನಮಗೆ ಖಾಲಾರ ಮಾತು ನೆನಪಾಗುತ್ತದೆ. ಬಂಡವಾಳ ನಿಜವಾಗಿಯೂ ಅಗ್ಗವಿರುವಲ್ಲಿಗೇ ಬರುತ್ತದೆಯೇ? ಹಾಗಿದ್ದರೆ ಜಗತ್ತಿನ ಅತ್ಯಂತ ಬಡ ದೇಶಗಳಲ್ಲಿ ಕಾರ್ಖಾನೆಗಳು ತುಂಬಿ ತುಳುಕಬೇಕಿತ್ತಲ್ಲ?

ಈ ಪ್ರಶ್ನೆಯನ್ನು ಷಿಕಾಗೋ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ರಾಬರ್ಟ್ ಲ್ಯೂಕಾಸ್ 1990ರಲ್ಲಿ ಒಂದು ಸಣ್ಣ ಪ್ರಬಂಧದಲ್ಲಿ ಎತ್ತಿದರು. ಅವರು ಉದಾಹರಣೆಗೆ ಆರಿಸಿಕೊಂಡದ್ದು ನಮ್ಮ ದೇಶವನ್ನೇ. ಪಠ್ಯಪುಸ್ತಕದ ಸೂತ್ರದ ಪ್ರಕಾರ ಲೆಕ್ಕ ಹಾಕಿದರೆ, ಅಮೆರಿಕದಲ್ಲಿ ತೊಡಗಿಸಿದ ಒಂದು ಡಾಲರಿಗಿಂತ ಭಾರತದಲ್ಲಿ ತೊಡಗಿಸಿದ ಒಂದು ಡಾಲರಿಗೆ 58 ಪಟ್ಟು ಹೆಚ್ಚು ಪ್ರತಿಫಲ ಬರಬೇಕಿತ್ತು. ಅಷ್ಟು ಲಾಭವಿದ್ದರೆ ಅಮೆರಿಕದಲ್ಲಿ ಒಂದು ಪೈಸೆಯೂ ಉಳಿಯದೆ ಎಲ್ಲವೂ ಇತ್ತ ಹರಿದು ಬರಬೇಕಿತ್ತು. ಹಾಗಾಗಲಿಲ್ಲ. ಏಕೆಂದರೆ ಬಂಡವಾಳ ಕೇವಲ ಕೂಲಿಯನ್ನು ನೋಡುವುದಿಲ್ಲ. ಕೆಲಸಗಾರನ ಕೈಯಲ್ಲಿರುವ ವಿದ್ಯೆಯನ್ನು ನೋಡುತ್ತದೆ, ಅವನ ಸುತ್ತಮುತ್ತ ಎಷ್ಟು ಮಂದಿ ತಿಳಿದವರಿದ್ದಾರೆ ಎಂದು ನೋಡುತ್ತದೆ, ನಾಳೆ ಈ ನೆಲದಲ್ಲಿ ಕೊಟ್ಟ ಮಾತು ಉಳಿಯುತ್ತದೆಯೇ ಎಂದೂ ನೋಡುತ್ತದೆ. ಅಂದರೆ ಖಾಲಾ ಹೇಳಿದ್ದು ಸುಳ್ಳಲ್ಲ, ಆದರೆ ಅರ್ಧ ಮಾತ್ರ ನಿಜ.

ಹೊರಗಿನ ಬಂಡವಾಳ ಬರುವ ಕಾರಣಗಳನ್ನು ಬ್ರಿಟಿಷ್ ಅರ್ಥಶಾಸ್ತ್ರಜ್ಞ ಜಾನ್ ಡನ್ನಿಂಗ್ ನಾಲ್ಕಾಗಿ ವಿಂಗಡಿಸಿದರು. ಮೊದಲನೆಯದು ನೆಲದ ಸಂಪತ್ತಿಗಾಗಿ ಬರುವುದು. ಎರಡನೆಯದು ಅಲ್ಲಿನ ಮಾರುಕಟ್ಟೆಗಾಗಿ ಬರುವುದು. ಮೂರನೆಯದು ಕಡಿಮೆ ಖರ್ಚಿನಲ್ಲಿ ಸರಕು ತಯಾರಿಸಿ ಬೇರೆಡೆ ಮಾರಲು ಬರುವುದು. ನಾಲ್ಕನೆಯದು ಅಲ್ಲಿನ ಜನರ ಜ್ಞಾನ ಮತ್ತು ಕೌಶಲ್ಯಕ್ಕಾಗಿ ಬರುವುದು.

ಮೊದಲನೆಯದಕ್ಕೆ ನಾವು ಪುಸ್ತಕ ಹುಡುಕಬೇಕಾಗಿಲ್ಲ, ಕೋಲಾರಕ್ಕೆ ಹೋದರೆ ಸಾಕು. ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ 1880ರಲ್ಲಿ ಅಲ್ಲಿನ ಗಣಿ ಕೆಲಸಕ್ಕೆ ಕೈ ಹಾಕಿತು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ದೂರ ತಂತಿ ಎಳೆದು ಅಲ್ಲಿಗೆ ವಿದ್ಯುತ್ ಕೊಡಲಾಯಿತು. ಬೆಂಗಳೂರು ನಗರಕ್ಕಿಂತ ಮೊದಲು ಗಣಿಗೆ ಬೆಳಕು ಬಂತು! ನೆಲದೊಳಗೆ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದ ಗಣಿ ಅದು. 1956ರಲ್ಲಿ ಸರ್ಕಾರದ ಕೈಗೆ ಬಂತು, 2001ರ ಫೆಬ್ರವರಿ 28ರಂದು ಮುಚ್ಚಿತು. ಉಳಿದದ್ದೇನು? ಸಯನೈಡ್ ಬೆರೆತ ಮಣ್ಣಿನ ಗುಡ್ಡಗಳು, ದೂಳು ತುಂಬಿದ ಶ್ವಾಸಕೋಶಗಳು, ಮತ್ತು ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಕೂಲಿಗೆ ಹೋಗುವ ಮಕ್ಕಳು, ಮೊಮ್ಮಕ್ಕಳು. ನೆಲದಡಿಯ ಸಂಪತ್ತಿಗಾಗಿ ಬಂದ ಬಂಡವಾಳಕ್ಕೆ ನೆಲದ ಮೇಲಿನ ಜನ ಅಷ್ಟೇನೂ ಮುಖ್ಯವಾಗಿರಲಿಲ್ಲ.

ಎರಡನೆಯದಕ್ಕೆ ಉದಾಹರಣೆ ಜಪಾನಿನ ಸುಜುಕಿ. 1982ರಲ್ಲಿ ಮಾರುತಿಯೊಡನೆ ಒಪ್ಪಂದ ಮಾಡಿಕೊಂಡು, 1983ರ ಡಿಸೆಂಬರಿನಲ್ಲಿ ಮೊದಲ ಕಾರನ್ನು ಹೊರತಂದಾಗ ಅದರ ಕಣ್ಣಿದ್ದದ್ದು ನಮ್ಮ ಮಧ್ಯಮ ವರ್ಗದ ಜೇಬಿನ ಮೇಲೆ. ದೊಡ್ಡ ದೇಶಕ್ಕೆ ಈ ಅನುಕೂಲ ಉಂಟು. ಆದರೆ ಮಾರುಕಟ್ಟೆಯೂ ಇಲ್ಲದ, ಚಿನ್ನವೂ ಇಲ್ಲದ ಸಣ್ಣ ಊರು ಏನು ಮಾಡಬೇಕು? ಈ ಪ್ರಶ್ನೆಗೆ ಉತ್ತರ ಹುಡುಕಿದ ಒಂದು ದ್ವೀಪದ ಕತೆಯನ್ನು ಓದುಗರ ಮುಂದಿಡುವುದು ಈ ಬರಹದ ಉದ್ದೇಶ. ಅದು ಮಲೇಷ್ಯಾದ ಪೆನಾಂಗ್.

ಪೆನಾಂಗ್ ನಮಗೆ ತೀರ ಅಪರಿಚಿತವೇನಲ್ಲ. 1786ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಫ್ರಾನ್ಸಿಸ್ ಲೈಟ್ ಅಲ್ಲಿ ಬಂದರು ಸ್ಥಾಪಿಸಿದ. ಸುಂಕವಿಲ್ಲದ ಬಂದರು ಎಂದು ಸಾರಿದ. ಚೀನೀಯರು, ಮಲಯರು, ಅರಬರು, ಅರ್ಮೇನಿಯನ್ನರು ಬಂದರು. ತಮಿಳು ಕರಾವಳಿಯ ಮುಸ್ಲಿಂ ವ್ಯಾಪಾರಿಗಳೂ ಬಂದರು. 1801ರಲ್ಲಿ ಅವರು ಕಟ್ಟಿದ ಕಪಿತಾನ್ ಕೆಲಿಂಗ್ ಮಸೀದಿ ಜಾರ್ಜ್ ಟೌನಿನಲ್ಲಿ ಇಂದಿಗೂ ನಿಂತಿದೆ. ಅದೇ ಬೀದಿಯಲ್ಲಿ ಚೀನೀ ದೇವಾಲಯವೂ, ಹಿಂದೂ ಗುಡಿಯೂ, ಇಗರ್ಜಿಯೂ ಒಂದರ ಹತ್ತಿರ ಒಂದಿವೆ. ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಈ ಊರು ಬದುಕಿದ್ದು ಬೇರೆಯವರ ಸರಕನ್ನು ಇಳಿಸಿ, ಏರಿಸಿ, ದಲ್ಲಾಳಿ ಮಾಡಿ.

1960ರ ದಶಕದಲ್ಲಿ ಆ ಬದುಕು ಕುಸಿಯಿತು. 1963ರಿಂದ 1966ರವರೆಗೆ ಇಂಡೋನೇಷ್ಯಾ ಮತ್ತು ಮಲೇಷ್ಯಾದ ನಡುವಿನ ಸಂಘರ್ಷದಿಂದ ಸುಮಾತ್ರಾದ ವ್ಯಾಪಾರ ನಿಂತಿತು. ದಶಕ ಮುಗಿಯುವ ಹೊತ್ತಿಗೆ ಸುಂಕವಿಲ್ಲದ ಬಂದರೆಂಬ ಸ್ಥಾನವನ್ನೂ ಕೇಂದ್ರ ಸರ್ಕಾರ ಕಿತ್ತುಕೊಂಡಿತು. ದುಡಿಯಬಲ್ಲ ನೂರು ಮಂದಿಯಲ್ಲಿ ಸುಮಾರು ಹದಿನೈದು ಮಂದಿಗೆ ಕೆಲಸವಿರಲಿಲ್ಲ. 1969ರ ಮೇ ತಿಂಗಳ ಚುನಾವಣೆಯಲ್ಲಿ ಜನ ಹಳೆಯ ಸರ್ಕಾರವನ್ನು ಇಳಿಸಿ, ಎಡಿನ್‌ಬರೋದಲ್ಲಿ ವೈದ್ಯಕೀಯ ಓದಿ ಬಂದಿದ್ದ ಡಾ. ಲಿಮ್ ಚಾಂಗ್ ಯೂ ಅವರ ಪಕ್ಷವನ್ನು ಗೆಲ್ಲಿಸಿದರು. ಅವರು ಮುಖ್ಯಮಂತ್ರಿಯಾದರು. ಅದೇ ವಾರ, ಮೇ 13ರಂದು, ಕೌಲಾಲಂಪುರದಲ್ಲಿ ಮಲಯರು ಮತ್ತು ಚೀನೀಯರ ನಡುವೆ ಭೀಕರ ಗಲಭೆ ನಡೆಯಿತು. ನೂರಾರು ಮಂದಿ ಸತ್ತರು. ತುರ್ತು ಪರಿಸ್ಥಿತಿ ಘೋಷಣೆಯಾಯಿತು, ಸಂಸತ್ತನ್ನು ಅಮಾನತಿನಲ್ಲಿಡಲಾಯಿತು.

ಇಂತಹ ಹೊತ್ತಿನಲ್ಲಿ ಯಾರು ತಾನೇ ಹಣ ತಂದು ಹಾಕುತ್ತಾರೆ? ಆದರೂ ಮೂರೇ ವರ್ಷಗಳಲ್ಲಿ ಅಮೆರಿಕ, ಜಪಾನ್, ಜರ್ಮನಿಯ ಕಂಪನಿಗಳು ಪೆನಾಂಗಿಗೆ ಬಂದವು. ಇದರ ಹಿಂದೆ ಏನಿತ್ತೆಂದು ನಾವು ಬಿಡಿಸಿ ನೋಡಬೇಕು.

ಕಾರಣ ಒಂದು, ಸರಕಿನ ಸ್ವಭಾವ. ಕ್ಯಾಲಿಫೋರ್ನಿಯಾದಲ್ಲಿ ಆಗ ಸೆಮಿಕಂಡಕ್ಟರ್ ಉದ್ಯಮ ಬೆಳೆಯುತ್ತಿತ್ತು. ಸಿಲಿಕಾನ್ ಬಿಲ್ಲೆಯ ಮೇಲೆ ಸರ್ಕ್ಯೂಟು ಮೂಡಿಸುವುದು ಯಂತ್ರದ ಕೆಲಸ. ಆದರೆ ಆ ಬಿಲ್ಲೆಯನ್ನು ಚೂರು ಚೂರು ಮಾಡಿ, ಒಂದೊಂದು ಚೂರಿಗೂ ಕೂದಲಿಗಿಂತ ತೆಳುವಾದ ಚಿನ್ನದ ತಂತಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾ ಬೆಸೆಯುವುದು ಆ ಕಾಲಕ್ಕೆ ಮನುಷ್ಯರ ಕೆಲಸವಾಗಿತ್ತು. ಚಿಪ್ಪು ಹಗುರ, ಬೆಲೆಯೋ ಹೆಚ್ಚು. ವಿಮಾನದಲ್ಲಿ ಕಳಿಸಿ, ವಿಮಾನದಲ್ಲಿ ತರಿಸಿಕೊಂಡರೂ ಗಿಟ್ಟುತ್ತಿತ್ತು. ಮೇಲಾಗಿ ಅಮೆರಿಕದ ಸುಂಕ ಕಾನೂನಿನಲ್ಲಿ ಒಂದು ಅನುಕೂಲವಿತ್ತು: ತಮ್ಮ ದೇಶದ ಬಿಡಿಭಾಗಗಳನ್ನು ಹೊರಗೆ ಜೋಡಿಸಿ ತಂದರೆ ಹೊರಗೆ ಸೇರಿದ ಮೌಲ್ಯಕ್ಕೆ ಮಾತ್ರ ಸುಂಕ. ಅಂದರೆ ಬಂಡವಾಳವನ್ನು ಹೊರಕ್ಕೆ ತಳ್ಳುವ ಕೈ ಅದರ ಸ್ವಂತ ದೇಶದಲ್ಲೇ ಇತ್ತು.

ಕಾರಣ ಎರಡು, ತೆರಿಗೆ ಮತ್ತು ಕಾನೂನು. ಮಲೇಷ್ಯಾ 1968ರಲ್ಲಿ ಹೂಡಿಕೆ ಉತ್ತೇಜನ ಕಾಯ್ದೆಯನ್ನೂ 1971ರಲ್ಲಿ ಮುಕ್ತ ವ್ಯಾಪಾರ ವಲಯ ಕಾಯ್ದೆಯನ್ನೂ ತಂದಿತು. ಹೊಸದಾಗಿ ಬಂದ ಉದ್ಯಮಕ್ಕೆ ಹಲವು ವರ್ಷ ತೆರಿಗೆಯಿಲ್ಲ. ಒಳಗೆ ತರುವ ಯಂತ್ರಕ್ಕೆ, ಕಚ್ಚಾ ಸರಕಿಗೆ ಸುಂಕವಿಲ್ಲ.

ಕಾರಣ ಮೂರು, ಮನೆಯನ್ನು ಒಪ್ಪ ಮಾಡಿದ್ದು. 1969ರಲ್ಲಿ ಸ್ಥಾಪನೆಯಾದ ಪೆನಾಂಗ್ ಅಭಿವೃದ್ಧಿ ನಿಗಮ ಭೂಮಿ, ನೀರು, ವಿದ್ಯುತ್, ರಸ್ತೆ, ಕಾರ್ಮಿಕರ ವಸತಿ ಎಲ್ಲವನ್ನೂ ಒಂದೇ ಕಡೆ ನೋಡಿಕೊಂಡಿತು. 1972ರಲ್ಲಿ ವಿಮಾನ ನಿಲ್ದಾಣದ ಪಕ್ಕದ ಬಯಾನ್ ಲೆಪಾಸ್‌ನ ಗದ್ದೆಗಳಲ್ಲಿ ದೇಶದ ಮೊದಲ ಮುಕ್ತ ವ್ಯಾಪಾರ ವಲಯ ಎದ್ದಿತು. ಡಾ. ಲಿಮ್ ತಾವೇ ಕಂಪನಿಗಳ ಬಾಗಿಲಿಗೆ ಹೋಗಿ ಮಾತಾಡಿದರು. ಬ್ರಿಟಿಷರ ಕಾಲದಿಂದ ಬಂದ ಇಂಗ್ಲಿಷ್ ಶಾಲೆಗಳು ಊರಿನಲ್ಲಿದ್ದುದರಿಂದ ಮೇಲ್ವಿಚಾರಕರಾಗಬಲ್ಲ ಯುವಕರೂ ಸಿಕ್ಕಿದರು. ನ್ಯಾಷನಲ್ ಸೆಮಿಕಂಡಕ್ಟರ್, ಇಂಟೆಲ್, ಹ್ಯೂಲೆಟ್ ಪ್ಯಾಕರ್ಡ್, ಎಎಂಡಿ, ಲಿಟ್ರಾನಿಕ್ಸ್, ಹಿಟಾಚಿ, ಕ್ಲಾರಿಯನ್, ಬಾಷ್ ಬಂದವು. ಈ ಎಂಟನ್ನು ಅಲ್ಲಿನವರು 'ಎಂಟು ಸಮುರಾಯಿಗಳು' ಎಂದೇ ಕರೆಯುತ್ತಾರೆ. ಇಂಟೆಲ್ ಕಂಪನಿ ಅಮೆರಿಕದ ಹೊರಗೆ ತೆರೆದ ಮೊಟ್ಟಮೊದಲ ಕಾರ್ಖಾನೆ ಅದು.

ಕಾರಣ ನಾಲ್ಕು, ಬೆರಳು. ಇಲ್ಲಿ ನಾವು ಸ್ವಲ್ಪ ನಿಲ್ಲಬೇಕಾಗುತ್ತದೆ.

ಹೂಡಿಕೆದಾರರಿಗಾಗಿ ಅಂದಿನ ಮಲೇಷ್ಯಾ ಸರ್ಕಾರ ಹೊರಡಿಸಿದ ಪ್ರಚಾರ ಪತ್ರಿಕೆ ಪೂರ್ವದೇಶದ ಹೆಣ್ಣುಮಕ್ಕಳ ಪುಟ್ಟ ಕೈಗಳನ್ನು, ಅವರ ಚುರುಕನ್ನು, ತಾಳ್ಮೆಯನ್ನು ಹೊಗಳಿತ್ತು. ಗಣಿಯ ಅದಿರನ್ನು ವರ್ಣಿಸುವಂತೆ ಹೆಣ್ಣುಮಕ್ಕಳ ಬೆರಳನ್ನು ವರ್ಣಿಸಿದ್ದರು. ಹದಿನೆಂಟು, ಇಪ್ಪತ್ತು ವಯಸ್ಸಿನ ಹುಡುಗಿಯರು ಪಕ್ಕದ ಕೆಡಾ, ಪೆರ್ಲಿಸ್‌ನ ಹಳ್ಳಿಗಳಿಂದ ಬಂದರು. ಬಹಳ ಮಂದಿ ಮಲಯ ಮುಸ್ಲಿಂ ರೈತರ ಮಕ್ಕಳು. ಗಲಭೆಯ ನಂತರ 1971ರಲ್ಲಿ ಜಾರಿಗೆ ಬಂದ ಹೊಸ ಆರ್ಥಿಕ ನೀತಿ ಮಲಯರನ್ನು ಹಳ್ಳಿಯಿಂದ ಉದ್ಯಮಕ್ಕೆ ತರಬೇಕೆಂದು ಹೇಳುತ್ತಿತ್ತು. ಕಾರ್ಖಾನೆಗಳಿಗೂ ಅದೇ ಬೇಕಿತ್ತು.

ಹುಡುಗಿಯರು ಮೊದಲ ಬಾರಿಗೆ ತಮ್ಮದೇ ಸಂಬಳ ಎಣಿಸಿದರು. ಊರಿಗೆ ಹಣ ಕಳಿಸಿದರು, ತಮ್ಮಂದಿರನ್ನು ಓದಿಸಿದರು. ಪ್ರತಿಯಾಗಿ ಕಣ್ಣಿನ ನೋವು, ತಲೆನೋವು, ರಾತ್ರಿ ಪಾಳಿ ಅವರ ಪಾಲಿಗೆ ಬಂದವು. ಕಂಪನಿಗಳು ಕ್ರೀಡಾಕೂಟ, ಸೌಂದರ್ಯ ಸ್ಪರ್ಧೆ ನಡೆಸಿ ಅವರನ್ನು ಖುಷಿಯಾಗಿಡಲು ನೋಡಿದವು. ಊರಿನವರು ಮಾತ್ರ ಅವರಿಗೆ 'ಮಿನಾ ಕರಾನ್' ಎಂದು ಹೆಸರಿಟ್ಟರು. ಕರೆಂಟಿನ ಮಿನಾ ಎಂದರ್ಥ. ರಾತ್ರಿ ಹೊತ್ತು ಮನೆಯ ಹೊರಗೆ ದುಡಿಯುವ ಹುಡುಗಿಯ ನಡತೆಯ ಮೇಲೆ ಎಸೆದ ಕಲ್ಲು ಅದು. ಅವರು ಕಳಿಸಿದ ಹಣವನ್ನು ಬೇಡವೆಂದ ಮನೆಯವರ ಬಗ್ಗೆ ನಾವೆಲ್ಲೂ ಓದಿಲ್ಲ! ಇದು ಮಲಯದ ಮಾತು ಮಾತ್ರವೇ? ಸಂಜೆ ಗಾರ್ಮೆಂಟ್ಸ್ ಮುಗಿಸಿ ಬರುವ ನಮ್ಮ ಹೆಣ್ಣುಮಕ್ಕಳ ಬಗ್ಗೆ ನಮ್ಮ ಮೊಹಲ್ಲಾದ ಕಟ್ಟೆಗಳ ಮೇಲೆ ಆಡುವ ಮಾತನ್ನು ನಾವು ಕೇಳಿಲ್ಲವೇ?

ಪೆನಾಂಗಿನಲ್ಲೇ ಹುಟ್ಟಿದ ಮಾನವಶಾಸ್ತ್ರಜ್ಞೆ ಐಹ್ವಾ ಓಂಗ್ 1987ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ವಿಚಿತ್ರ ಸಂಗತಿ ದಾಖಲಾಗಿದೆ. ಮಲೇಷ್ಯಾದ ಕಾರ್ಖಾನೆಗಳಲ್ಲಿ ಸೂಕ್ಷ್ಮದರ್ಶಕದ ಮುಂದೆ ಕೂತ ಹುಡುಗಿಯರಿಗೆ ಇದ್ದಕ್ಕಿದ್ದಂತೆ ಮೈಮೇಲೆ ಬರುತ್ತಿತ್ತು. ಒಬ್ಬಳು ಕಿರುಚಿದರೆ ಸಾಲು ಸಾಲಾಗಿ ಉಳಿದವರೂ ಕಿರುಚುತ್ತಿದ್ದರು. ಕೆಲಸ ನಿಲ್ಲುತ್ತಿತ್ತು. ಆಡಳಿತದವರು ಮಂತ್ರವಾದಿಯನ್ನು ಕರೆಸಿ ಶಾಂತಿ ಮಾಡಿಸುತ್ತಿದ್ದರು. ಬಾಯಿಬಿಟ್ಟು ಹೇಳಲಾಗದ ದಣಿವು, ಅವಮಾನಗಳೇ ಹೀಗೆ ಹೊರಬರುತ್ತಿದ್ದವೆಂದು ಓಂಗ್ ಅರ್ಥ ಮಾಡುತ್ತಾರೆ. ಹೇಳಲು ಬೇರೆ ದಾರಿ ಇದ್ದಿದ್ದರೆ ಬಹುಶಃ ದೆವ್ವದ ಸಹಾಯ ಬೇಕಾಗುತ್ತಿರಲಿಲ್ಲ. ಆದರೆ ಎಲೆಕ್ಟ್ರಾನಿಕ್ಸ್ ಕಾರ್ಮಿಕರಿಗೆ ಸಂಘ ಕಟ್ಟಲು ಸರ್ಕಾರ ಅವಕಾಶ ಕೊಟ್ಟಿರಲಿಲ್ಲ. 1988ರಲ್ಲಿ ಕೊಟ್ಟರೂ ಅದು ಆಯಾ ಕಂಪನಿಯೊಳಗಿನ ಸಂಘಕ್ಕೆ ಮಾತ್ರ. ಇಡೀ ಉದ್ಯಮದ ಕಾರ್ಮಿಕರು ಒಂದಾಗುವಂತಿರಲಿಲ್ಲ. ಹೂಡಿಕೆದಾರರು ಓಡಿಹೋದಾರು ಎಂಬುದೇ ಆ ಭಯ.

ಬಂಡವಾಳಕ್ಕೆ ಶಾಂತಿ ಬೇಕು ಎನ್ನುತ್ತಾರೆ. ನಿಜ. ಬೀದಿಯಲ್ಲಿ ಬೆಂಕಿ ಬಿದ್ದ ಊರಿಗೆ ಯಾರೂ ಬರುವುದಿಲ್ಲ. ಕೋಮು ಗಲಭೆಗೆ ಹೆಸರಾದ ಊರುಗಳು ಅಂಗಡಿ ಮುಂಗಟ್ಟನ್ನಷ್ಟೇ ಅಲ್ಲ, ಬರಬೇಕಾಗಿದ್ದ ಕೆಲಸವನ್ನೂ ಕಳೆದುಕೊಳ್ಳುತ್ತವೆ. ಆದರೆ ಬಂಡವಾಳ ಕೇಳುವ ಶಾಂತಿ ಮತ್ತು ನ್ಯಾಯದಿಂದ ಹುಟ್ಟುವ ಶಾಂತಿ ಎರಡೂ ಒಂದೇ ಅಲ್ಲವೆಂಬುದನ್ನು ಮಲೇಷ್ಯಾದ ಇತಿಹಾಸ ತೋರಿಸುತ್ತದೆ. ಬಾಯಿ ಮುಚ್ಚಿಸಿದ ಮೌನವೂ ಅದಕ್ಕೆ ಶಾಂತಿಯೇ. ವ್ಯತ್ಯಾಸವನ್ನು ಗುರುತಿಸುವ ಕೆಲಸ ಬಂಡವಾಳದ್ದಲ್ಲ, ನಾಡಿನದು.

ಇಷ್ಟಕ್ಕೇ ಕತೆ ಮುಗಿದಿದ್ದರೆ ಪೆನಾಂಗ್ ಇನ್ನೊಂದು ದೊಡ್ಡ ಬೀಡಿ ಕೇರಿಯಾಗಿ ಉಳಿಯುತ್ತಿತ್ತು. 1980ರ ದಶಕದಲ್ಲಿ ತಂತಿ ಬೆಸೆಯುವ ಕೆಲಸಕ್ಕೂ ಯಂತ್ರ ಬಂತು. 1985ರ ಆರ್ಥಿಕ ಹಿಂಜರಿತದಲ್ಲಿ ಸಾವಿರಾರು ಮಂದಿ ಕೆಲಸ ಕಳೆದುಕೊಂಡರು. ಬೆರಳು ಬೇಡವಾದ ಮೇಲೆ ಕಂಪನಿಗೆ ಈ ದ್ವೀಪ ಏಕೆ ಬೇಕು? ಕಾರ್ಖಾನೆಗಳೆಲ್ಲ ಅಮೆರಿಕಕ್ಕೆ ಮರಳಬಹುದು, ಇಲ್ಲವೇ ಇನ್ನೂ ಅಗ್ಗದ ದೇಶಕ್ಕೆ ಹೋಗಬಹುದು ಎಂದು ಪಂಡಿತರು ಬರೆದರು.

ಹೆಚ್ಚಿನವು ಹೋಗಲಿಲ್ಲ. ಏಕೆಂದರೆ ಆ ಹೊತ್ತಿಗೆ ದ್ವೀಪದಲ್ಲಿ ಅಗ್ಗಕ್ಕಿಂತ ಬೆಲೆಬಾಳುವುದೊಂದು ಹುಟ್ಟಿತ್ತು. ಹದಿಮೂರು ವರ್ಷ ಯಂತ್ರಗಳ ಜೊತೆ ಬದುಕಿದ ತಂತ್ರಜ್ಞರಿದ್ದರು. 1975ರಲ್ಲಿ ಇಂಟೆಲ್ ಕಾರ್ಖಾನೆ ಬೆಂಕಿಗೆ ತುತ್ತಾದಾಗ ಅದನ್ನು ಮತ್ತೆ ಎಬ್ಬಿಸಿ ನಿಲ್ಲಿಸಿದ ಅನುಭವವೂ ಅವರಲ್ಲಿತ್ತು. ಯಂತ್ರಕ್ಕೆ ಬೇಕಾದ ಅಚ್ಚು, ಬಿಡಿಭಾಗ ಮಾಡಿಕೊಡುವ ಸಣ್ಣ ಸಣ್ಣ ವರ್ಕ್‌ಶಾಪುಗಳು ಓಣಿಗಳಲ್ಲಿ ಬೆಳೆದಿದ್ದವು. 1985ರಲ್ಲಿ ದ್ವೀಪವನ್ನು ನೆಲಕ್ಕೆ ಸೇರಿಸುವ 13.5 ಕಿಲೋಮೀಟರ್ ಉದ್ದದ ಸೇತುವೆ ತೆರೆಯಿತು. 1989ರಲ್ಲಿ ಸರ್ಕಾರ, ಕಂಪನಿಗಳು, ವಿದ್ಯಾಸಂಸ್ಥೆಗಳು ಸೇರಿ ಪೆನಾಂಗ್ ಕೌಶಲ್ಯ ಅಭಿವೃದ್ಧಿ ಕೇಂದ್ರ ಕಟ್ಟಿದವು. ಒಂದಕ್ಕೊಂದು ಪೈಪೋಟಿ ನಡೆಸುವ ಕಂಪನಿಗಳೇ ಒಂದೇ ಸೂರಿನಡಿ ಎಲ್ಲರ ಕೆಲಸಗಾರರಿಗೆ ಪಾಠ ಹೇಳಿಸಿದವು. ಬೆಸೆಯುವ ಕೆಲಸ ಹೋಗಿ ಪರೀಕ್ಷಿಸುವ ಕೆಲಸ ಬಂತು, 1990ರ ದಶಕದಲ್ಲಿ ವಿನ್ಯಾಸದ ಕೆಲಸವೂ ಬಂತು. ಇಂಟೆಲಿನಿಂದ ಹೊರಬಂದವರು 1991ರಲ್ಲಿ ಗ್ಲೋಬೆಟ್ರಾನಿಕ್ಸ್ ಕಟ್ಟಿದರು. ಹ್ಯೂಲೆಟ್ ಪ್ಯಾಕರ್ಡಿನ ಬಳಗದಿಂದ ಬಂದ ಇಂಜಿನಿಯರುಗಳು 2000ದಲ್ಲಿ ವಿಟ್ರಾಕ್ಸ್ ಕಟ್ಟಿದರು. ಬೇರೆಯವರ ಕಾರ್ಖಾನೆಯಲ್ಲಿ ಕಲಿತದ್ದು ಸ್ವಂತ ಕಾರ್ಖಾನೆಯಾಯಿತು. 2021ರ ಡಿಸೆಂಬರಿನಲ್ಲಿ ಇಂಟೆಲ್ ಮಲೇಷ್ಯಾದಲ್ಲಿ ಮತ್ತೆ 3,000 ಕೋಟಿ ರಿಂಗಿಟ್ ಹೂಡುವುದಾಗಿ ಹೇಳಿತು. ಐವತ್ತು ವರ್ಷಗಳ ನಂತರ ಅದು ಬೆರಳನ್ನು ಹುಡುಕಿ ಬಂದದ್ದಲ್ಲ.

ಡನ್ನಿಂಗರ ಮಾತಿನಲ್ಲಿ ಹೇಳುವುದಾದರೆ, ಮೂರನೆಯ ಕಾರಣಕ್ಕೆ ಬಂದ ಬಂಡವಾಳ ನಾಲ್ಕನೆಯ ಕಾರಣಕ್ಕೆ ಉಳಿಯಿತು. ನಮ್ಮ ಬೆಂಗಳೂರಿನ ಕತೆ ಬೇರೆ ದಾರಿಯಿಂದ ಇದೇ ಮಾತಿಗೆ ಬರುತ್ತದೆ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿನಲ್ಲಿ ಕೇಂದ್ರ ತೆರೆದಾಗ ಇಲ್ಲಿ ವಿದ್ಯುತ್ತೂ ಸರಿಯಿರಲಿಲ್ಲ, ದೂರವಾಣಿಯೂ ಸರಿಯಿರಲಿಲ್ಲ. ಆದರೆ 1909ರ ಭಾರತೀಯ ವಿಜ್ಞಾನ ಸಂಸ್ಥೆಯಿತ್ತು. ಐಟಿಐ, ಎಚ್‌ಎಂಟಿ, ಬಿಇಎಲ್‌ಗಳಿದ್ದವು. ದಿವಾನ್ ಸರ್ ಮಿರ್ಜಾ ಇಸ್ಮಾಯಿಲರ ಕಾಲದಲ್ಲಿ, 1940ರ ಡಿಸೆಂಬರಿನಲ್ಲಿ, ಮೈಸೂರು ಸರ್ಕಾರದ ನೆರವಿನಿಂದ ವಾಲ್‌ಚಂದ್ ಹೀರಾಚಂದ್ ಆರಂಭಿಸಿದ ವಿಮಾನ ಕಾರ್ಖಾನೆಯಿತ್ತು. ಬೆಂಗಳೂರಿಗೆ ವಿದೇಶಿ ಕಂಪನಿ ಬರಲೆಂದು ಮಿರ್ಜಾ ಸಾಹೇಬರು ಅದಕ್ಕೆ ಕೈ ಜೋಡಿಸಿದ್ದಲ್ಲ. ನಾಡಿನ ಮಕ್ಕಳ ಕೈಗೆ ಕೆಲಸ, ತಲೆಗೆ ವಿದ್ಯೆ ಬರಲಿ ಎಂದು ಜೋಡಿಸಿದ್ದು. ನಲವತ್ತೈದು ವರ್ಷಗಳ ಮೇಲೆ ಹೊರಗಿನ ಬಂಡವಾಳ ಆ ವಿದ್ಯೆಯ ವಾಸನೆ ಹಿಡಿದು ಬಂತು.

ತೆರಿಗೆ ಮನ್ನಾ ಮಾಡಿದರೆ ಸಾಕು ಎಂದು ನಂಬುವ ನಮ್ಮ ರಾಜಕಾರಣಿಗಳು ಇನ್ನೊಂದು ಮಾತನ್ನು ಗಮನಿಸಬೇಕು. ವಿಶ್ವ ಬ್ಯಾಂಕ್ 2017-18ರ ತನ್ನ ವರದಿಗಾಗಿ ಅಭಿವೃದ್ಧಿಶೀಲ ದೇಶಗಳಲ್ಲಿರುವ ವಿದೇಶಿ ಕಂಪನಿಗಳ ಏಳುನೂರಕ್ಕೂ ಹೆಚ್ಚು ಅಧಿಕಾರಿಗಳನ್ನು ಪ್ರಶ್ನಿಸಿತ್ತು. ಅವರು ಎಲ್ಲಕ್ಕಿಂತ ಮೇಲಿಟ್ಟದ್ದು ರಾಜಕೀಯ ಸ್ಥಿರತೆ ಮತ್ತು ನಂಬಬಹುದಾದ ಕಾನೂನು ವ್ಯವಸ್ಥೆಯನ್ನು. ಕಡಿಮೆ ತೆರಿಗೆ, ಅಗ್ಗದ ಕೂಲಿ ಅದಕ್ಕಿಂತ ಕೆಳಗಿದ್ದವು. ತೆರಿಗೆ ರಜೆಗಾಗಿ ಮಾತ್ರ ಬಂದವನು ರಜೆ ಮುಗಿದ ದಿನ ಪೆಟ್ಟಿಗೆ ಕಟ್ಟುತ್ತಾನೆ. ಅಷ್ಟರಲ್ಲಿ ಆ ತೆರಿಗೆಯಿಂದ ಕಟ್ಟಬಹುದಾಗಿದ್ದ ಶಾಲೆ, ಆಸ್ಪತ್ರೆಗಳು ಕಟ್ಟದೆಯೇ ಉಳಿದಿರುತ್ತವೆ.

ಆದುದರಿಂದ ಒಪ್ಪಂದಕ್ಕೆ ಸಹಿ ಬಿತ್ತೆಂದು ಪತ್ರಿಕೆಗಳು ಸಂಭ್ರಮಿಸುವಾಗ ನಾವು ಕೇಳಬೇಕಾದದ್ದು ಎಷ್ಟು ಸಾವಿರ ಕೋಟಿ ಎಂದಲ್ಲ. ಅವರು ಬರುತ್ತಿರುವುದು ನಮ್ಮ ನೆಲಕ್ಕೋ, ಬೆರಳಿಗೋ, ತಲೆಗೋ? ನಮ್ಮ ಹುಡುಗ ಹುಡುಗಿಯರಿಗೆ ಅಲ್ಲಿ ಏನು ಕಲಿಸಲಾಗುತ್ತದೆ? ಅನ್ಯಾಯವಾದರೆ ಹೇಳಲು ಅವರಿಗೆ ಬಾಯಿ ಇರುತ್ತದೆಯೇ? ಅವರು ಎದ್ದು ಹೋದ ದಿನ ಇಲ್ಲಿ ಏನು ಉಳಿಯುತ್ತದೆ?

ಖಾಲಾ ಐವತ್ತು ವರ್ಷ ಬೀಡಿ ಕಟ್ಟಿದರು. ಅವರ ಬೆರಳಿನ ಚುರುಕು ಪೆನಾಂಗಿನ ಯಾವ ಹುಡುಗಿಗೂ ಕಡಿಮೆಯಿರಲಿಲ್ಲ. ಆದರೆ ಆ ಐವತ್ತು ವರ್ಷಗಳಲ್ಲಿ ಕಂಪನಿಯವರಾಗಲಿ, ಸರ್ಕಾರವಾಗಲಿ, ಓದು ಬಲ್ಲ ನಾವಾಗಲಿ ಅವರಿಗೆ ಇನ್ನೊಂದು ಕೆಲಸ ಕಲಿಸಲಿಲ್ಲ. ಮೊದಲ ದಿನ ಹೇಗೆ ಕಟ್ಟಿದರೋ ಕೊನೆಯ ದಿನವೂ ಹಾಗೆಯೇ ಕಟ್ಟಿದರು. ಕೆಮ್ಮು ಹೆಚ್ಚಾಗಿ ಮೊರವನ್ನು ಗೋಡೆಗೆ ಒರಗಿಸಿಟ್ಟ ಮೇಲೆ, ಅದನ್ನು ಅವರ ಸೊಸೆ ಎತ್ತಿಕೊಂಡಳು.